ಮೊದಲು ಬಾಗಲವಾಡದ ಮದುವಿ

"ಏ! ಯಾರ್ ನೀವು? ಕೈ ತೆಗೀರಿ ಅದರಿಂದ!"

ಅಂಬಿಕಾ ಕೂಗಿದ ಕೂಗಿಗೆ ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಆ ಓಣಿಯೇ ಬೆಚ್ಚಿಬಿತ್ತು ಅಂದ್ರೆ ನಂಬ್ರಿ!

ದೇವದುರ್ಗದಲ್ಲಿ ಮದುವೆ ಶೂಟಿಂಗ್ ಮುಗಿಸಿ, ಬಸ್ಸಿನಲ್ಲಿ ಬೆಂದು ಆಗಷ್ಟೇ ಮನೆಗೆ ಬಂದಿದ್ದಳು. ಹೆಗಲಿನ ಕ್ಯಾಮೆರಾ ಚೀಲ ಇನ್ನೂ ಇಳಿಸಿರಲಿಲ್ಲ. ನೋಡಿದರೆ, ಒಳಕೋಣೆಯಲ್ಲಿ ಯಾವನೋ ಗುರುತಿಲ್ಲದ ಗಂಡಸು ಮಂಡಿಯೂರಿ ಕೂತಿದ್ದಾನೆ. ಕೈಯಲ್ಲಿ ಒಂದು ಹಾರ್ಡ್ ಡಿಸ್ಕ್! ವಿಡಿಯೋ ತುಂಬಿಡುವ ಹೊಸ ಸರ್ವರ್ ಪೆಟ್ಟಿಗೆ ಓಡುತ್ತಿರುವಾಗಲೇ ಅದರಿಂದ ಹಲ್ಲು ಕಿತ್ತ ಹಾಗೆ ಕಿತ್ತು ತೆಗೆದಿದ್ದಾನೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣಮಿಣ ಅಂತಿದೆ...

ಓಡಿಹೋದವಳೇ ಅವನ ಮುಂಗೈಗೆ ಫಟ್ ಅಂತ ಒಂದು ಕೊಟ್ಟಳು.

"ಅಯ್ಯೋ ಬೀಳ್ತದ್ರಿ! ಡಿಸ್ಕ್ ಬೀಳ್ತದ!" ಅವನು ಅದನ್ನು ಎದೆಗವಚಿಕೊಂಡ.

ಅಡುಗೆಮನೆಯಿಂದ ಜಬೀನ್ ಚಹಾದ ತಟ್ಟೆ ಹಿಡಿದು ಓಡಿಬಂದಳು. ಜಬೀನ್ ಅಂದ್ರೆ ಅಂಬಿಕಾಳ ಗೆಳತಿ. ಮದುವೆ ವಿಡಿಯೋ ಎಡಿಟಿಂಗ್ ಕೆಲಸದಲ್ಲಿ ಇಬ್ಬರದೂ ಪಾಲು.

"ಅರೇ ಬಿಡೇ! ಅವರು ಆದೆಪ್ಪ ಸರ್. ಮಾನ್ವಿ ಕಾಲೇಜಿನಾಗ ಕಂಪ್ಯೂಟರ್ ಲ್ಯಾಬ್ ನೋಡ್ಕೋತಾರ. ಸರ್ವರ್ ಕೂಡಸಾಕ ನಾನೇ ಕರೆಸೀನಿ!"

"ಕೂಡಸಾಕೋ, ಕೀಳಾಕೋ?"

ಆ ಮಹರಾಯ ಸಿಟ್ಟಾಗಲಿಲ್ಲ. ಮುಂಗೈ ತಿಕ್ಕಿಕೊಳ್ಳುತ್ತಾ ಪರದೆಯ ಕಡೆ ಬೊಟ್ಟು ಮಾಡಿದ.

"ಅಲ್ಲಿ ನೋಡ್ರಿ. ವಿಡಿಯೋ ನಿಂತಿತೇನು?"

ನಿಂತಿರಲಿಲ್ಲ! ಬಾಗಲವಾಡದ ಮದುವೆ ಓಡುತ್ತಲೇ ಇತ್ತು. ಮದುಮಗಳು ತಮನ್ನಾಳ ಅಪ್ಪ ಸಲಾವುದ್ದೀನ್, ಬಿರಿಯಾನಿ ಹಂಡೆಯ ಮುಂದೆ ನಿಂತು ಅಡುಗೆಯವನಿಗೆ ಬೈಯುತ್ತಿದ್ದ. ಬೈದು ಬೈದು ಕೊನೆಗೆ ತಾನೇ ನಗುತ್ತಿದ್ದ.

"ಒಂದು ಡಿಸ್ಕ್ ಸತ್ರ ಏನಾಗ್ತದ ಅಂತ ಪರೀಕ್ಷೆ ಮಾಡಿದೆ, ಅಷ್ಟ."

ಅಂಬಿಕಾ ಕ್ಯಾಮೆರಾ ಚೀಲ ಇಳಿಸಿದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

ಅಳದೆ ಏನು ಮಾಡ್ಯಾಳು ಪಾಪ! ಹೋದ ವರ್ಷ ಅರಕೇರಾದ ಒಂದು ಮದುವೆ ಇವಳ ಕೈಯಲ್ಲೇ ಮಣ್ಣುಪಾಲಾಗಿತ್ತು. ಇದ್ದದ್ದು ಒಂದೇ ಡಿಸ್ಕ್. ಟಿಕ್ ಟಿಕ್ ಅಂತ ಸದ್ದು ಮಾಡಿ ಸತ್ತುಹೋಯಿತು. ಆ ಮದುಮಗಳು ಬಂದು ಬೈಯಲಿಲ್ಲ, ಜಗಳ ಮಾಡಲಿಲ್ಲ. ಸುಮ್ಮನೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು. ಅವತ್ತಿನಿಂದ ಅಂಬಿಕಾಳ ಎದೆಯಲ್ಲಿ ಅಂಜಿಕೆ ಮನೆ ಮಾಡಿತ್ತು. ಗಡಿಯಾರದ ಸದ್ದು ಕೇಳಿದರೂ ಬೆಚ್ಚುತ್ತಿದ್ದಳು.

ಆದೆಪ್ಪ ಡಿಸ್ಕನ್ನು ಮತ್ತೆ ಒಳಗೆ ತಳ್ಳಿದ. ದೀಪ ಹಸಿರಾಗಲು ಶುರುವಾಯಿತು.

"ಹೆದರಬ್ಯಾಡ್ರಿ. ಹೇಳ್ತೀನಿ ಕೇಳ್ರಿ. ನಾಲ್ಕು ಡಿಸ್ಕ್ ಅದಾವ. ನಾಲ್ಕಕ್ಕೂ ಹಂಚಿ ಬರದ್ರ ಭಾಳ ಫಾಸ್ಟ್. ಆದ್ರ ಒಂದು ಹೋದ್ರ ಎಲ್ಲಾ ಹೋತು."

"ಅದು ಬ್ಯಾಡೇ ಬ್ಯಾಡ!"

"ಒಂದು ಡಿಸ್ಕಿನಷ್ಟು ಜಾಗ ಕಾವಲಿಗೆ ಬಿಟ್ರ, ಯಾವುದರ ಒಂದು ಹೋದ್ರೂ ತಡೀತದ. ಎರಡು ಡಿಸ್ಕಿನಷ್ಟು ಬಿಟ್ರ ಎರಡು ಹೋದ್ರೂ ತಡೀತದ. ಆದ್ರ ಬರಿಯೂದು ನಿಧಾನ. ನೀವಿಬ್ರೂ ಕೂಡಿ ಎಡಿಟ್ ಮಾಡಾಕ ಕುಂತ್ರ ಜಗ್ಗಾಂಗಿಲ್ಲ. ಅದಕ್ಕ ನಾ ಜೋಡಿ ಜೋಡಿ ಮಾಡೀನಿ. ಒಂದರಾಗ ಬರದದ್ದು ಅದರ ಜೋಡಿಯೊಳಗೂ ಇರ್ತದ. ಫಾಸ್ಟೂ ಆತು, ಕಾವಲೂ ಆತು."

"ಮತ್ತ ಒಂದೇ ಜೋಡಿಯವು ಎರಡೂ ಹೋದ್ರ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೋದ್ರ... ಎಲ್ಲಾ ಹೋಗ್ತದ್ರಿ."

"ಇವುಗಳಾಗ ಭಯ ಇಲ್ಲದ್ದು ಯಾವುದ್ರಿ?"

"ಭಯ ಇಲ್ಲದ್ದು ಯಾವುದೂ ಇಲ್ರಿ."

ಎಂಥಾ ಮನುಷ್ಯ ಇವನು! ಸಮಾಧಾನ ಹೇಳಾಕೂ ಬರಾಂಗಿಲ್ಲ... ಅಂದುಕೊಂಡಳು ಅಂಬಿಕಾ. ಆದರೂ ಒಂದು ವರ್ಷದಲ್ಲಿ ಅವಳಿಗೆ ಸುಳ್ಳು ಧೈರ್ಯ ಹೇಳದೇ ಇದ್ದವನು ಇವನೊಬ್ಬನೇ.

ಅಷ್ಟರಲ್ಲಿ ಅವನು ಡಿಸ್ಕುಗಳ ಮೇಲಿನ ನಂಬರು ನೋಡಿ ಹುಬ್ಬು ಗಂಟಿಕ್ಕಿದ.

"ನಾಲ್ಕೂ ಒಂದೇ ಅಂಗಡ್ಯಾಗ, ಒಂದೇ ದಿನ ತಂದೀರೇನು? ನಂಬರು ಒಂದರ ಹಿಂದ ಒಂದು ಅದಾವ. ಕೂಡಿ ಹುಟ್ಟಿದವು ಕೂಡೇ ಕೈ ಕೊಡಬಹುದು. ಎರಡು ಹೊಳ್ಳಿ ಕೊಟ್ಟು, ಬ್ಯಾರೆ ಕಡೆಯಿಂದ ತರ್ರಿ."

ಪಡಸಾಲೆಯಿಂದ ಅಂಬಿಕಾಳ ಅಪ್ಪ ಪಕೀರಪ್ಪ ದನಿ ಎತ್ತಿದ.

"ಏನು ಮಾತಾಡ್ತೀಯಪಾ? ಪಂಚಾಂಗ ನೋಡಿ, ಒಳ್ಳೆ ಗಳಿಗ್ಯಾಗ ನಾಲ್ಕೂ ಕೂಡೇ ಮನಿಗೆ ತಂದೀವಿ. ಕುಂಕುಮ ಹಚ್ಚಿ, ಕಾಯಿ ಒಡದೀವಿ. ಮನಿ ತುಂಬಿಸ್ಕೊಂಡದ್ದನ್ನ ಯಾರರ ಅಂಗಡಿಗೆ ಹೊಳ್ಳಿ ಒಯ್ತಾರೇನು?"

ಅಂಬಿಕಾಳೂ ಅಪ್ಪನ ಕಡೆಯೇ ವಾಲಿದಳು. ಹೆದರಿದ ಜೀವ ನೋಡ್ರಿ, ಒಳ್ಳೆ ಗಳಿಗೆಯನ್ನು ಬಿಟ್ಟುಕೊಡಲು ಧೈರ್ಯ ಸಾಲಲಿಲ್ಲ.

"ಇರ್ಲಿ ಬಿಡ್ರಿ ಸರ್. ಒಳ್ಳೇದೇ ಆಗ್ತದ."

ಆದೆಪ್ಪ ಪೆಟ್ಟಿಗೆಯ ಬಾಗಿಲು ಮುಚ್ಚಿದ. ಆದರೆ ಅವನ ಮುಖದಲ್ಲಿ ಚಿಂತೆ ಉಳಿದಿದ್ದು ಅವಳಿಗೆ ಕಂಡಿತು.

---

ಆಮೇಲೆ ಪ್ರತಿ ಭಾನುವಾರ ಆದೆಪ್ಪ ಮಾನ್ವಿಯಿಂದ ಬರತೊಡಗಿದ. ಡಿಸ್ಕ್ ಆರೋಗ್ಯ ನೋಡಬೇಕು ಅಂತ ನೆವ. ಹತ್ತು ನಿಮಿಷದ ಕೆಲಸಕ್ಕೆ ಸಂಜೆಯ ತನಕ ಕೂತಿರುತ್ತಿದ್ದ. ಜಬೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು.

"ಸರ್, ಡಿಸ್ಕಿಗೆ ಜ್ವರ ಬಂದದೇನು? ಎಷ್ಟು ಹೊತ್ತು ನಾಡಿ ಹಿಡೀತೀರಿ?"

ಅವನ ಕಿವಿ ಕೆಂಪಾಗುತ್ತಿದ್ದವು. ಅಂಬಿಕಾ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಆದರೆ ಅವನು ಕೋಣೆಯಲ್ಲಿದ್ದಷ್ಟು ಹೊತ್ತು ಅವಳ ಕಿವಿ ಆ ಪೆಟ್ಟಿಗೆಯ ಸದ್ದಿಗೆ ಆತುಕೊಳ್ಳುತ್ತಿರಲಿಲ್ಲ. ಅದು ಅವಳಿಗೇ ಒಂದು ದಿನ ಗೊತ್ತಾಗಿಬಿಟ್ಟಿತು.

ಬ್ಯಾಡ ಅಂಬಿಕಾ... ಇದನ್ನೂ ಕಳಕೊಳ್ಳೋ ಭಯ ಮತ್ತ ಶುರುವಾಗ್ತದ!

ಆಗಲೇ ಬಾಗಲವಾಡದಿಂದ ಆ ಸುದ್ದಿ ಬಂತು. ಸಲಾವುದ್ದೀನ್ ಹೋಗಿಬಿಟ್ಟ. ಮಗಳ ಮದುವೆ ಮಾಡಿ ತಿಂಗಳಾಗಿರಲಿಲ್ಲ. ಎದೆನೋವು ಅಂತ ಕೂತವನು ಏಳಲೇ ಇಲ್ಲ.

ಕೆಲವು ದಿನದ ನಂತರ ಅವನ ಹೆಂಡತಿ ಹೀರಾಬಿ ಫೋನ್ ಮಾಡಿದಳು.

"ಬೇಟಿ, ವಿಡಿಯೋ ಆರಾಮದಿಂದ ಮಾಡು, ಅವಸರ ಇಲ್ಲ. ಗಂಡ ಹೋದಾಕಿ ಒಳಗ ಕೂಡೂ ಇದ್ದತ್ ಇದು, ನಾಲ್ಕು ತಿಂಗಳು ಹತ್ತು ದಿನ ಮುಗಿಯೂತನಕ ನಾ ಹೊಸ್ತಿಲ ದಾಟಾಂಗಿಲ್ಲ. ಆದ್ರ... ಜ್ವಾಪಾನ ಅದಲಾ? ಅವರು ಮಾತಾಡೂದು, ನಗೂದು ನಿನ್ನ ಹತ್ರ ಬಿಟ್ರ ಎಲ್ಲೂ ಇಲ್ಲ ಬೇಟಿ."

"ಜ್ವಾಪಾನ ಅದ ಚಾಚಿ," ಅಂದಳು ಅಂಬಿಕಾ. ಫೋನ್ ಇಟ್ಟವಳೇ ಪೆಟ್ಟಿಗೆಯ ದೀಪಗಳನ್ನು ಎಣಿಸಿದಳು. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗೆ ಬಳಸಿಯಾಗಿತ್ತು. ಸೀಸನ್‌ನಲ್ಲಿ ಎಲ್ಲ ಸ್ಟುಡಿಯೋದವರೂ ಮಾಡುವುದೇ ಹಾಗೆ. ಈಗ ಸಲಾವುದ್ದೀನನ ನಗು ಇದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಮರು ಭಾನುವಾರ ಅವಳು ಒಂದು ಕಳ್ಳ ಕೆಲಸ ಮಾಡಹೊರಟಳು. ಆದೆಪ್ಪ ಮಿರ್ಚಿ ಭಜಿ ತರಲು ಹೊರಗೆ ಹೋಗಿದ್ದ. ಜಬೀನ್ ಗುಂತಕಲ್ಲಿಗೆ ನೆಂಟರ ಮನೆಗೆ ಹೋಗಿದ್ದಳು. ಅಂಬಿಕಾ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಅವನ ಚೀಲದಲ್ಲಿ ಮುಚ್ಚಿಡಲು ನೋಡಿದಳು. ಮನೆಗೆ ಹೋಗಿ ಚೀಲ ಬಿಚ್ಚಿದಾಗ ಅವನ ಮುಖ ಹೇಗಾಗಬಹುದು ಅಂತ ನೆನೆದು ನಗು ಬಂತು.

ಚೀಲದ ತಳದಲ್ಲಿ ಏನೋ ಗಟ್ಟಿ ತಗುಲಿತು.

ಒಂದು ಡಿಸ್ಕ್!

ರೊಟ್ಟಿಯ ಗಂಟು ಬದಿಗಿಟ್ಟು ಅದನ್ನು ತನ್ನ ಕಂಪ್ಯೂಟರ್‌ಗೆ ಹಚ್ಚಿದಳು. ತೆರೆದುಕೊಂಡಿತು... ತಮನ್ನಾಳ ಅರಿಶಿಣದ ವಿಡಿಯೋ. ಮೆಹಂದಿ. ದೇವದುರ್ಗದ ಮದುಮಗಳು. ಹೆಣ್ಣುಮಕ್ಕಳ ವಿಡಿಯೋ! ಯಾರೂ ಇಲ್ಲದಾಗ ಎತ್ತಿಕೊಂಡು ಹೋಗಾಕತ್ತಾನ! ಒಂದು ಸ್ಟುಡಿಯೋದವನು ಇಂಥವನ್ನೇ ಊರ ಹುಡುಗರ ಫೋನಿಗೆ ಹರಿಬಿಟ್ಟು, ಒಂದು ಹುಡುಗಿಯ ಸಂಸಾರವೇ ಮುರಿದ ಕಥೆ ಅವಳಿಗೆ ಗೊತ್ತಿತ್ತು.

ಯೋಚಿಸಲಿಲ್ಲ. ಪೂರ್ತಿ ಅಳಿಸಿಬಿಟ್ಟಳು.

ಆದೆಪ್ಪ ಬಿಸಿ ಭಜಿ ಹಿಡಿದು ಒಳಗೆ ಬಂದಾಗ ಅವಳು ಡಿಸ್ಕ್ ಹಿಡಿದು ನಿಂತಿದ್ದಳು.

"ಏನಿದು?"

ಅವನ ಮುಖದಲ್ಲಿದ್ದ ನಗು ಅಲ್ಲೇ ಆರಿತು.

"ಅದು... ಎಲ್ಲಾ ಒಂದೇ ಮನ್ಯಾಗ ಇರಬಾರದು ಅಂತ... ಇನ್ನೊಂದು ಪ್ರತಿ ಮಾನ್ವ್ಯಾಗ ಇಡೋಣ ಅಂತ..."

"ನನಗ ಕೇಳದ?"

"ಕೇಳಾಕ ಎರಡು ಸಲ ಬಂದೆ. 'ಹೋದ್ರ' ಅನ್ನೋ ಮಾತು ಎತ್ತಿದ್ರ ಸಾಕು, ನಿಮ್ಮ ಮಾರಿ ಬೆಳ್ಳಗಾಗ್ತದ. ಬಾಯಿ ಬರಲಿಲ್ಲ."

"ಸುಳ್ಳು! ನಂಬಿ ಮನಿ ಒಳಗ ಬಿಟ್ಟೆ ನಿಮ್ಮನ್ನ! ಅಳಿಸೀನಿ ಎಲ್ಲಾ. ತಗೊಂಡು ಹೋಗ್ರಿ ನಿಮ್ಮ ಖಾಲಿ ಡಿಸ್ಕ್. ಮತ್ತ ಈ ಕಡೆ ಮಾರಿ ತೋರಿಸಬ್ಯಾಡ್ರಿ!"

"ಅಳಿಸಿದ್ರೇನು?" ಅವನ ದನಿ ಒಡೆಯಿತು. "ಬಾಗಲವಾಡದ್ದೂ?"

"ನಡೀರಿ ಹೊರಗ!"

ಅವನು ಆ ಖಾಲಿ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡ. ಭಜಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಅಂಬಿಕಾ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಜಬೀನ್‌ಗೆ ಫೋನ್ ಹಚ್ಚಿ ಎಲ್ಲ ಹೇಳಿದಳು.

"ಯಾ ಅಲ್ಲಾ! ಅಂಬಿಕಾ, ಅದನ್ನ ಮಾಡು ಅಂತ ಹೇಳಿದಾಕಿ ನಾನು! ನಿನಗ ಹೇಳಿದ್ರ ನೀ ಇನ್ನೂ ಹೆದರ್ತಿ ಅಂತ ಮುಚ್ಚಿಟ್ಟೆ. ಅವರು 'ಅಂಬಿಕಾರಿಗೆ ಹೇಳೇ ಮಾಡೋಣ್ರಿ' ಅಂತ ಹತ್ತು ಸಲ ಅಂದ್ರು... ನಾನೇ ಬ್ಯಾಡ ಅಂದೆ. ನಿನ್ನೆ ನನ್ನ ಹೆಸರು ಹೇಳಲಿಲ್ಲೇನು?"

ಹೇಳಿರಲಿಲ್ಲ.

ಅಂಬಿಕಾ ಫೋನ್ ಹಿಡಿದೇ ಕೂತಳು. ಅವನ ನಂಬರು ತೆಗೆದಳು. ಒತ್ತಲಿಲ್ಲ. ಯಾವ ಮಾರಿ ಹೊತ್ತು ಮಾತಾಡಲಿ ನಾನು? ಎತ್ತಿ 'ಯಾರು' ಅಂದುಬಿಟ್ರ...?

---

ಮರುದಿನ ಬೆಳಿಗ್ಗೆ ಆ ಸದ್ದು ಕೇಳಿತು.

ಟಿಕ್... ಟಿಕ್... ಟಿಕ್...

ಬಿಸಿಲು ಆಗಲೇ ಗೋಡೆ ಸುಡುತ್ತಿತ್ತು. ಅಂಬಿಕಾ ಓಡಿಬಂದಳು. ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ. ಸದ್ದು ಬರುತ್ತಿದ್ದದ್ದು ಅದರಿಂದಲ್ಲ. ಅದು ಆಗಲೇ ಸತ್ತಿತ್ತು. ಸದ್ದು ಮಾಡುತ್ತಿದ್ದದ್ದು ಪಕ್ಕದ್ದು... ಅದರ ಜೋಡಿ!

ನಾಚಿಕೆ, ಮಾನ, ಮರ್ಯಾದೆ ಎಲ್ಲಾ ಬಿಟ್ಟು ಫೋನ್ ಒತ್ತಿದಳು.

"ಆದೆಪ್ಪಾರ... ಕೆಂಪು ದೀಪ... ಅದರ ಜೋಡಿನೂ ಟಿಕ್ ಟಿಕ್..."

"ಆರಿಸಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ಬಂದೆ."

ಅಷ್ಟೇ ಅಂದ. 'ಯಾರು' ಅನ್ನಲಿಲ್ಲ.

ಅವನು ಬರುವ ತನಕ ಅವಳು ಆ ಪೆಟ್ಟಿಗೆಗೆ ಫ್ಯಾನ್ ತಿರುಗಿಸಿ, ಮುಂದೆ ಕೂತು, ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಅಪ್ಪ ಪಕೀರಪ್ಪ ಬಾಗಿಲಲ್ಲಿ ನಿಂತು ಒಂದೇ ಮಾತು ಅಂದ: "ಗಳಿಗಿ ಚಲೋ ಇತ್ತಲವ್ವ..." ಮುದುಕನ ಮುಖ ಸಣ್ಣದಾಗಿತ್ತು.

ಆದೆಪ್ಪ ಬಂದಾಗ ಅಂಗಿಯೆಲ್ಲ ಬೆವರು. ಬಸ್ ಸ್ಟ್ಯಾಂಡಿನಿಂದ ಆಟೋಗೂ ಕಾಯದೆ ಓಡಿಬಂದಿದ್ದ. ಬಂದವನೇ ಚೀಲದಿಂದ ಒಂದು ಖಾಲಿ ಡಿಸ್ಕ್ ತೆಗೆದು ಹಚ್ಚಿದ. ಅಷ್ಟರಲ್ಲಿ ಕರೆಂಟ್ ಹೋಯಿತು! ಫ್ಯಾನ್ ನಿಂತಿತು. ಪೆಟ್ಟಿಗೆಗೆ ಮಾತ್ರ ಇನ್ವರ್ಟರ್ ಇತ್ತು. ಅದೂ ಹಳೇದು.

"ಕೇಳ್ರಿ," ಅಂದ ಅವನು. "ಹೊಸ ಜೋಡಿ ಹಾಕಿ ತುಂಬಿಸಾಕ ಹೋದ್ರ ಇದು ಪೂರಾ ಡಿಸ್ಕ್ ಓದಬೇಕು. ಅಷ್ಟು ಹೊತ್ತು ಬದಕಾಂಗಿಲ್ಲ. ಬೇಕಾದ್ದನ್ನ ಮೊದಲು ಎಳಕೊಳ್ಳೋಣ. ಗಿರಾಕಿಗೆ ಕೊಡದೇ ಉಳದದ್ದು ಯಾವ್ಯಾವು?"

"ಎರಡು. ಬಾಗಲವಾಡದ್ದು. ಮತ್ತ ದೇವದುರ್ಗದ ಹನುಮಂತರಾಯರದ್ದು."

ಹನುಮಂತರಾಯ ದೇವದುರ್ಗದ ದೊಡ್ಡ ಗುತ್ತಿಗೆದಾರ. ನಿನ್ನೆಯೂ ಫೋನ್ ಮಾಡಿದ್ದ. 'ಮಗನ ಮದುವಿ ವಿಡಿಯೋದಾಗ ಒಂದು ಕೂದಲಿನಷ್ಟು ಹೆಚ್ಚುಕಡಿಮಿ ಆದ್ರ, ದೇವದುರ್ಗದಾಗ ನಿನ್ನ ಕ್ಯಾಮೆರಾ ಇಳೀಲಾರದಂಗ ಮಾಡ್ತೀನಿ' ಅಂದಿದ್ದ. ಅವಳ ದುಡಿಮೆಯ ಅರ್ಧ ಆ ಕಡೆಯದೇ.

ಟಿಕ್... ಟಿಕ್...

"ಎರಡೂ ಸಿಗ್ತಾವ ಅಂತ ಹೇಳಾಕ ಆಗಲ್ರಿ. ಯಾವುದು ಮೊದಲು?"

ಹನುಮಂತರಾಯನ ದಪ್ಪ ದನಿ ಕಿವಿಯಲ್ಲಿ ಮೊಳಗಿತು. ಅಪ್ಪನ ಔಷಧಿ, ಮನೆ ಬಾಡಿಗೆ, ಜಬೀನ್‌ಳ ಪಾಲು, ಎಲ್ಲ ಕಣ್ಣ ಮುಂದೆ ಬಂತು.

"ಅಂಬಿಕಾರ, ಹೊತ್ತಿಲ್ಲ!"

"ಬಾಗಲವಾಡದ್ದು," ಅಂದಳು. "ಹನುಮಂತರಾಯರ ಮದ್ವ್ಯಾಗ ಬ್ಯಾರೆಯವರ ಇನ್ನೂ ಮೂರು ಕ್ಯಾಮೆರಾ ಇದ್ದವು. ಬಾಗಲವಾಡದಾಗ ಇದ್ದದ್ದು ನಂದೊಂದೇ. ಮೊದಲು ಬಾಗಲವಾಡದ ಮದುವಿ!"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಕೀ ಒತ್ತಿದ.

ಹಸಿರು ಪಟ್ಟಿ ತೆವಳಿತು. ನಿಂತಿತು. ಮತ್ತೆ ತೆವಳಿತು. ಇನ್ವರ್ಟರ್ ಕುಂಯ್ ಕುಂಯ್ ಅನ್ನತೊಡಗಿತು. ಕೋಣೆ ಒಲೆಯ ಹಾಗೆ ಕಾದಿತ್ತು. ಅಂಬಿಕಾ ರಟ್ಟಿನ ತುಂಡು ಹಿಡಿದು ಪೆಟ್ಟಿಗೆಗೆ ಗಾಳಿ ಹಾಕುತ್ತಾ ಕೂತಳು.

ಮುಕ್ಕಾಲು ದಾಟಿದ ಮೇಲೆ ಪಟ್ಟಿ ನಿಂತೇಬಿಟ್ಟಿತು.

ಟಿಕ್ ಟಿಕ್ ಟಿಕ್ ಟಿಕ್...

ತನಗೇ ಗೊತ್ತಿಲ್ಲದೆ ಅವಳು ಅವನ ತೋಳು ಹಿಡಿದಿದ್ದಳು. ಉಗುರು ಚುಚ್ಚುವ ಹಾಗೆ.

"ಉಸಿರಾಡ್ರಿ ಅಂಬಿಕಾರ."

"ನೀವೂ ಉಸಿರಾಡವಲ್ರಿ..."

"ನನಗೂ ಹೆದರಿಕಿ ಆಗ್ಯಾದ್ರಿ."

ಆಗ ಅವಳ ಬಾಯಿಂದ ತಾನಾಗೇ ಬಂತು. "ಜಬೀನ್ ಎಲ್ಲಾ ಹೇಳಿದಳು. ಆ ಡಿಸ್ಕ್ ಇದ್ದಿದ್ರ ಇವತ್ತು... ನನ್ನ ಕೈಯಾರ ಅಳಿಸಿಬಿಟ್ಟೆ. ನಿಮಗ ಎಂಥಾ ಮಾತು ಅಂದೆ ನಾನು! ತಪ್ಪಾತು ಆದೆಪ್ಪಾರ..."

"ನಿಮಗ ಹೇಳದ ಮಾಡಿದ್ದು ನನ್ನ ತಪ್ಪೂ ಹೌದ್ರಿ. ಹೆಣ್ಣುಮಕ್ಕಳ ವಿಡಿಯೋ, ನೀವು ಹೆದರಿದ್ದು ಖರೇನ ಅದ. ಆಮ್ಯಾಲ ಅಳೋಣಂತ, ಈಗ ಗಾಳಿ ಹಾಕ್ರಿ."

ಅಳುತ್ತಲೇ ಗಾಳಿ ಹಾಕಿದಳು. ಪಟ್ಟಿ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು... ಮುಗಿಯಿತು!

ಅವನು ತೆರೆದು ನೋಡಿದ. ಸಲಾವುದ್ದೀನ್ ಹಂಡೆಯ ಮುಂದೆ ನಿಂತು ನಗುತ್ತಿದ್ದ.

ಹನುಮಂತರಾಯನ ಮದುವೆ ಅರ್ಧವೂ ಬರಲಿಲ್ಲ. ಆ ಡಿಸ್ಕ್ ಒಮ್ಮೆ ಕರ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಎಲ್ಲ ದೀಪಗಳೂ ಕೆಂಪಾದವು. ಅಂಬಿಕಾ ಅವತ್ತೇ ಹನುಮಂತರಾಯನಿಗೆ ಫೋನ್ ಮಾಡಿ ನಿಜ ಹೇಳಿದಳು. ಅವನು ಬಾಯಿಗೆ ಬಂದ ಹಾಗೆ ಬೈದ. ದೇವದುರ್ಗದ ಕೆಲಸ ಮುಗಿಯಿತು ಅಂತ ಅವಳಿಗೆ ತಿಳಿಯಿತು. ಆದೆಪ್ಪ ಪಕ್ಕದಲ್ಲೇ ಕೂತಿದ್ದ. ಫೋನ್ ಕಸಿದು ಮಾತಾಡಲು ಹೋಗಲಿಲ್ಲ, ನೀರಿನ ಲೋಟ ಹಿಡಿದು ಕಾದ.

---

ಎರಡು ದಿನ ಬಿಟ್ಟು ಇಬ್ಬರೂ ಬಾಗಲವಾಡಕ್ಕೆ ಹೋದರು. ಇದ್ದತ್‌ನಲ್ಲಿದ್ದ ಹೀರಾಬಿಯ ಮುಂದೆ ಪರ ಗಂಡಸು ಹೋಗುವ ಹಾಗಿಲ್ಲ. ಆದೆಪ್ಪ ಹೊರಗೆ ರಸ್ತೆ ಬದಿಯ ಬೇವಿನ ಕಟ್ಟೆಯ ಮೇಲೆ ಕೂತ. ಅಂಬಿಕಾ ಲ್ಯಾಪ್‌ಟಾಪ್ ಹಿಡಿದು ಒಳಗೆ ಹೋದಳು.

ವಿಡಿಯೋ ಶುರುವಾಯಿತು. ಸಲಾವುದ್ದೀನ್ ಅಡುಗೆಯವನಿಗೆ ಬೈದ. ಸೌಟಿನಿಂದ ತಾನೇ ರುಚಿ ನೋಡಿ, ಬಾಯಿ ಸುಟ್ಟುಕೊಂಡು ಕುಣಿದ. ಹೀರಾಬಿ ಮೊದಲು ನಕ್ಕಳು. ಆಮೇಲೆ ಪರದೆಯ ಮೇಲೆ ಕೈಯಿಟ್ಟು ಅತ್ತಳು.

"ಅವರ ದನಿ ಮರತೇಬಿಡ್ತೀನೇನೋ ಅಂತ ದಿನಾ ಹೆದರಿ ಹೆದರಿ ಸಾಯಾಕತ್ತಿದ್ದೆ ಬೇಟಿ. ಮದುವಿ ಗದ್ದಲದಾಗ ಅವರ ಜೋಡಿ ಎರಡು ಮಾತು ಆಡಾಕೂ ಆಗಲಿಲ್ಲ. ಆಮ್ಯಾಲ ಆಡಿದ್ರಾತು ಅಂದ್ಕೊಂಡೆ."

ಅಂಬಿಕಾ ಅವಳ ಕೈ ಹಿಡಿದು ಕೂತಳು. ಆ ಒಂದು ಮಾತು ಅವಳ ಎದೆಗೆ ನೇರ ಇಳಿಯಿತು. ಹೊರಗೆ ಬಂದು ನೇರ ಬೇವಿನ ಕಟ್ಟೆಯ ಕಡೆ ನಡೆದಳು. ಸರ್ವರ್ ಮುಂದೆ ಕೂತಾಗಲೂ ಇಷ್ಟು ಹೆದರಿರಲಿಲ್ಲ!

ಆದೆಪ್ಪ ಎದ್ದು ನಿಂತ. "ನೋಡಿದ್ರೇನ್ರಿ ಅವರು?"

"ನೋಡಿದ್ರು."

ದೂರದಲ್ಲಿ ಧೂಳೆಬ್ಬಿಸಿಕೊಂಡು ಬಸ್ ಬರುತ್ತಿತ್ತು. ಅವನು ಅವಳ ಚೀಲ ಎತ್ತಿಕೊಂಡ.

"ಆದೆಪ್ಪಾರ, ನಿಲ್ರಿ. ಒಂದು ಮಾತು ಹೇಳಬೇಕು. ಈಗ ಹೇಳದಿದ್ರ ನಾ ಹೆದರಿ ಹೇಳೂದೇ ಇಲ್ಲ."

"ಹೇಳ್ರಿ."

"ನೀವು ಬ್ಯಾಡ ಅಂದ್ರ ಅಂತ ಹೆದರಿಕಿ. ಹ್ಞೂಂ ಅಂದ್ರ, ಮುಂದ ಒಂದಿನ ನಿಮ್ಮನ್ನ ಕಳಕೊಂಡ್ರ ಅಂತ ಅದಕ್ಕಿಂತ ಹೆದರಿಕಿ." ಕಣ್ಣು ತುಂಬಿ ಬಂತು. "ಆದ್ರೂ ನನಗ ನೀವು ಬೇಕು."

ಅವನು ಹೊತ್ತಿದ್ದ ಚೀಲವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಳಿಸಿದ. ಅವಳ ಕೈ ತೆಗೆದುಕೊಂಡ.

"ಮೊದಲ ದಿನ ಮುಂಗೈಗೆ ಹೊಡದ್ರಲಾ... ಅವತ್ತಿಂದ ಇದನ್ನ ಹೇಳಾಕ ಪ್ರತಿ ಐತವಾರ ಬಸ್ ಹತ್ತೀನಿ. ಹೇಳದ ಹೊಳ್ಳಿ ಹೋಗೀನಿ."

"ಯಾಕ್ರಿ?"

"ನಿಮಗಿಂತ ಅಂಜುಬುರುಕ ಇದ್ದೀನಿ, ಅದಕ್ಕ."

ಬಸ್ ಬಂದು ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, "ರಾಯಚೂರು, ರಾಯಚೂರು! ಹತ್ತೋರು ಹತ್ರಿ!" ಅಂತ ಕೂಗಿದ.

"ಬಸ್ ಬಂತ್ರಿ," ಅಂದಳು ಅಂಬಿಕಾ, ಕೈ ಬಿಡದೆ.

"ಹೋಗ್ಲಿ ಬಿಡು," ಅಂದ ಆದೆಪ್ಪ.